ಪಾವಗಡ ಯಾರಿಗೆ ಸಿಗ್ತದೆ?

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ಇಲಾಖೆ ಕೈಯಿಂದ ತಂತಿ ಚುಚ್ಚುವ ಟೆಲಿಫೋನ್ ಬೋರ್ಡುಗಳನ್ನು ಒಂದೊಂದಾಗಿ ಕಳಚುತ್ತಾ ಬಂದಿತ್ತು. ಬೋರ್ಡನ್ನು ಕಳಚಿ ಮೂಲೆಗಿಟ್ಟ ಹಾಗೆ ನಮ್ಮಂಥ ಹಳೇ ಆಪರೇಟರುಗಳನ್ನು ಮೂಲೆಗಿಡಲು ಆಗುವುದಿಲ್ಲವಲ್ಲ, ಅದಕ್ಕೇ ತರಬೇತಿಗೆ ಕಳಿಸಿದರು. ಹತ್ತಿಪ್ಪತ್ತು ಜನ ನಡುವಯಸ್ಸಿನ ಹೆಂಗಸರು, ಕನ್ನಡಕ ಹುಡುಕಿಕೊಳ್ಳುತ್ತಾ ಬೆಂಚಿನ ಮೇಲೆ ಕೂತೆವು. ಪಾಠ ಹೇಳಲು ಬಂದ ಮೇಷ್ಟ್ರು ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ನಮ್ಮನ್ನು ಕಂಡು ಅವರಿಗೇ ಸ್ವಲ್ಪ ಭಯವಾದಂತಿತ್ತು.

ಕಂಪ್ಯೂಟರುಗಳ ಜಾಲದಲ್ಲಿ ರೂಟರ್ ಎನ್ನುವ ಯಂತ್ರಗಳಿರುತ್ತವೆ, ಒಂದು ಕಡೆಯಿಂದ ಬಂದ ಸುದ್ದಿಯನ್ನು ಸರಿಯಾದ ದಾರಿಗೆ ಹಚ್ಚುವುದು ಅವುಗಳ ಕೆಲಸ ಎಂದರು. ಹಲಗೆಯ ಮೇಲೆ ನಾಲ್ಕು ಸೊನ್ನೆ ಬರೆದು ನಡುವೆ ಗೆರೆ ಎಳೆದರು. ಯಾವ ರೂಟರಿಗೂ ಇಡೀ ಜಾಲದ ನಕ್ಷೆ ಗೊತ್ತಿರುವುದಿಲ್ಲವಂತೆ. ಪಕ್ಕದ್ದು ಹೇಳಿದ್ದನ್ನು ನಂಬುವುದು, ಅದಕ್ಕೆ ಒಂದು ಸೇರಿಸಿ ಇನ್ನೊಂದು ಪಕ್ಕದ್ದಕ್ಕೆ ಹೇಳುವುದು, ಅಷ್ಟೇ. ‘ಇಂಥ ಊರು ನನ್ನಿಂದ ಒಂದು ಹೆಜ್ಜೆ’ ಎಂದು ಒಂದು ಯಂತ್ರ ಹೇಳಿದರೆ, ಪಕ್ಕದ್ದು ‘ಹಾಗಾದರೆ ನನ್ನಿಂದ ಎರಡು’ ಎಂದು ಬರೆದುಕೊಳ್ಳುತ್ತದೆ. ಹೀಗೆ ದಾರಿಯ ಸುದ್ದಿ ಬಾಯಿಂದ ಬಾಯಿಗೆ ಹಬ್ಬುತ್ತದೆ. ಯಂತ್ರಕ್ಕೆ ಬಾಯಿ ಎಲ್ಲಿಂದ ಬಂತು ಎಂದು ನಾನು ಪಕ್ಕದವಳ ಕಿವಿಯಲ್ಲಿ ಅಂದೆ.

ತೊಂದರೆ ಬರುವುದು ತಂತಿ ಕಡಿದಾಗ ಎಂದರು ಮೇಷ್ಟ್ರು. ತಂತಿ ಕಡಿದ ಯಂತ್ರ ಪಕ್ಕದ್ದನ್ನು ಕೇಳುತ್ತದೆ. ಪಕ್ಕದ್ದು, ಇದರಿಂದಲೇ ಕಲಿತ ಹಳೇ ಸುದ್ದಿಯನ್ನು ತನ್ನದೆಂಬಂತೆ ಇದಕ್ಕೇ ತಿರುಗಿ ಹೇಳುತ್ತದೆ: ‘ನನ್ನಿಂದ ಎರಡು.’ ಇದು ‘ಸರಿ, ನನ್ನಿಂದ ಮೂರು’ ಎನ್ನುತ್ತದೆ. ಅದು ನಾಲ್ಕು ಎನ್ನುತ್ತದೆ, ಇದು ಐದು. ಇಲ್ಲದ ದಾರಿಯನ್ನು ಇಬ್ಬರೂ ಎಣಿಸುತ್ತಾ ಕೂರುತ್ತಾರೆ, ಪಾಪದ ಸುದ್ದಿ ಇಬ್ಬರ ನಡುವೆ ಗಿರಕಿ ಹೊಡೆಯುತ್ತದೆ. ಅದಕ್ಕೆ ಎಣಿಕೆ ಹದಿನಾರು ಮುಟ್ಟಿದರೆ ದಾರಿಯೇ ಇಲ್ಲವೆಂದು ಕೈಬಿಡಬೇಕು ಎಂಬುದು ಒಂದು ನಿಯಮ. ದಾರಿ ಯಾರಿಂದ ತಿಳಿಯಿತೋ ಅವರಿಗೇ ಅದನ್ನು ತಿರುಗಿ ಹೇಳಬಾರದು ಎಂಬುದು ಇನ್ನೊಂದು. “ಇಷ್ಟು ಮಾಡಿದರೆ ಸುತ್ತು ತಪ್ಪುತ್ತದೆ” ಎಂದು ಚಾಕ್‌ಪೀಸು ಕೆಳಗಿಟ್ಟರು.

ನನಗೆ ಸುಮ್ಮನಿರಲು ಆಗಲಿಲ್ಲ. ಸುಮ್ಮನಿರಲು ಆಗುವ ಸ್ವಭಾವವೂ ನನ್ನದಲ್ಲ. ಎದ್ದು ನಿಂತೆ.

“ಇಬ್ಬರಿದ್ದರೆ ತಪ್ಪುತ್ತೆ ಸಾರ್. ಮೂವರಿದ್ದರೆ ತಪ್ಪಲ್ಲ.”

ಮೇಷ್ಟ್ರು ಹಲಗೆ ನೋಡಿದರು, ನನ್ನನ್ನು ನೋಡಿದರು. “ನಿಮಗೆ ಹೇಗೆ ಗೊತ್ತು ಮೇಡಂ?”

“ಮಧುಗಿರಿ, ಸಿರಾ, ಕೊರಟಗೆರೆ ಮೂರೂ ಸೇರಿ ಒಂದು ಸಲ ಸುತ್ತಿದೀವಿ ಸಾರ್” ಎಂದೆ. ಕ್ಲಾಸೆಲ್ಲ ನಕ್ಕಿತು. ಅವರು ಕುರ್ಚಿ ಎಳೆದುಕೊಂಡು ಕೂತು, ಹೇಳಿ ಎಂದರು.

ಎಪ್ಪತ್ತರ ದಶಕದಲ್ಲಿ ನಾನು ಮಧುಗಿರಿ ಎಕ್ಸ್‌ಚೇಂಜಿನಲ್ಲಿ ಹಗಲು ಪಾಳಿಯ ಆಪರೇಟರು. ನನ್ನ ಹೆಸರು ಹಿಡಿದು ಕರೆಯುತ್ತಿದ್ದವರು ಮನೆಯವರು ಮಾತ್ರ. ತಂತಿಯ ಮೇಲೆ ನಾನು ಮಧುಗಿರಿ. ಹಾಗೆಯೇ ಆ ಕಡೆಗಳಲ್ಲಿ ಇದ್ದವರು ಸಿರಾ, ಕೊರಟಗೆರೆ, ಪಾವಗಡ. ಮೂವರೂ ಹೆಂಗಸರು. ವರ್ಷಗಟ್ಟಲೆ ದಿನಾ ಮಾತಾಡಿದರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಸಿರಾ ಒಬ್ಬ ಅತ್ತರು ವ್ಯಾಪಾರಿಯ ಮಗಳು, ಜಲ್ದಿ ಎನ್ನದೆ ಅವಳ ಒಂದು ಮಾತೂ ಮುಗಿಯುತ್ತಿರಲಿಲ್ಲ. ಕೊರಟಗೆರೆಯ ಬಾಯಲ್ಲಿ ಯಾವಾಗಲೂ ಕಡ್ಲೆಕಾಯಿ. ಅವಳು ಅಗಿಯುವ ಸದ್ದು ನನ್ನ ಹೆಡ್‌ಫೋನಿನಲ್ಲಿ ಮಧುಗಿರಿಯವರೆಗೂ ಬರುತ್ತಿತ್ತು. ಪಾವಗಡ ಮಾತ್ರ ನನ್ನ ಪ್ರಾಣ. “ಏಮಮ್ಮಾ ಮಧುಗಿರಿ, ಬಾಗುನ್ನಾವಾ? ಊಟ ಆಯ್ತಾ?” ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೇಳದೆ ಅವಳು ಒಂದು ಫೋನ್ ಕಾಲೂ ತೆಗೆದುಕೊಂಡವಳಲ್ಲ. ಹತ್ತು ಸಲ ಕರೆದರೆ ಹತ್ತು ಸಲವೂ ಊಟ ಆಯ್ತಾ. ನನಗೆ ಸಿಟ್ಟು ಬರುತ್ತಿತ್ತು, ಕೇಳದಿದ್ದರೆ ಇನ್ನೂ ಸಿಟ್ಟು ಬರುತ್ತಿತ್ತು.

ಬೋರ್ಡೆಂದರೆ ಎದೆಮಟ್ಟದ ಮರದ ಪೆಟ್ಟಿಗೆ. ಯಾವುದಾದರೂ ಊರು ಕರೆದರೆ ಅದರ ಹೆಸರಿನ ಮೇಲಿರುವ ಪುಟ್ಟ ತಗಡು ಟಪ್ಪೆಂದು ಬೀಳುತ್ತದೆ. ಆ ತೂತಿಗೆ ಒಂದು ತಂತಿ ಚುಚ್ಚಿ ಮಾತಾಡಬೇಕು, ಅವರು ಕೇಳಿದ ಊರಿನ ತೂತಿಗೆ ಅದರ ಜೋಡಿ ತಂತಿ ಚುಚ್ಚಿ ಸೇರಿಸಬೇಕು. ಪಾವಗಡದ ತಂತಿ ನಮ್ಮ ಕಡೆ ಬರುತ್ತಿದ್ದದ್ದು ನನ್ನ ಬೋರ್ಡಿಗೆ ಮಾತ್ರ. ಸಿರಾಗೂ ಕೊರಟಗೆರೆಗೂ ಪಾವಗಡ ಬೇಕಾದರೆ ನನ್ನನ್ನೇ ಕೇಳಬೇಕಿತ್ತು. ಅವರಿಬ್ಬರ ನಡುವೆಯೂ ತುಮಕೂರಿನ ಮೇಲೆ ಹಾಯ್ದು ಹೋಗುವ ಒಂದು ತಂತಿ ಇತ್ತು. ಹೀಗೆ ನಾವು ಮೂವರು ಒಬ್ಬರಿಗೊಬ್ಬರು ಜೋಡಿಕೊಂಡಿದ್ದೆವು, ಪಾವಗಡ ನನ್ನೊಬ್ಬಳ ಬೆನ್ನಿಗಿತ್ತು.

ಬೆಳಿಗ್ಗೆ ಎಂಟಕ್ಕೆ ಎಲ್ಲರೂ ತಂತಿಗಳನ್ನು ಪರೀಕ್ಷೆ ಮಾಡಿ, ಯಾವ ಯಾವ ಊರು ಸಿಗುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ನಾನು ಸಿರಾಗೆ “ಪಾವಗಡ ಸಿಗ್ತದೆ” ಅಂದರೆ ಅವಳು ಸ್ಲೇಟಿನ ಮೇಲೆ ಪಾವಗಡ ಎಂದು ಬರೆದುಕೊಂಡು, ಕೊರಟಗೆರೆಗೆ “ನಂಗೂ ಪಾವಗಡ ಸಿಗ್ತದೆ” ಅನ್ನುವಳು. ಕೊರಟಗೆರೆಯೂ ಹಾಗೆಯೇ. ಯಾರ ಕೈಯಿಂದ ಸಿಗುತ್ತದೆ ಎಂದು ಯಾರೂ ಹೇಳುತ್ತಿರಲಿಲ್ಲ. ಎಷ್ಟು ಊರು ಸಿಗುತ್ತವೋ ಅಷ್ಟು ಗತ್ತು, ಅದರಲ್ಲಿ ಬೇರೆಯವರಿಗೆ ಪಾಲು ಯಾಕೆ ಕೊಡಬೇಕು? ಈಗ ನೆನೆದರೆ ನಗು ಬರುತ್ತದೆ. ಆಗ ನಾವೆಲ್ಲ ಇಪ್ಪತ್ತೈದರ ಆಸುಪಾಸಿನವರು, ಗತ್ತಿಗೆ ಬೇರೆ ಸಾಮಾನೂ ಇರಲಿಲ್ಲ.

ಆ ದಿನ ಪಾವಗಡದಲ್ಲಿ ಸಂತೆ. ಹತ್ತೂವರೆಗೆ ನನ್ನ ಪಾವಗಡದ ತಂತಿ ಸತ್ತಿತು. ಐ.ಡಿ.ಹಳ್ಳಿ ಕಡೆ ಕಡ್ಲೆಬಳ್ಳಿ ಹೇರಿಕೊಂಡ ಲಾರಿಯೊಂದು ಜೋತಾಡುತ್ತಿದ್ದ ತಂತಿಗೆ ಸಿಕ್ಕಿಕೊಂಡು ಎಳೆದುಕೊಂಡು ಹೋಯಿತೆಂದು ಆಮೇಲೆ ಗೊತ್ತಾಯಿತು. ಆಗ ಗೊತ್ತಿದ್ದದ್ದು, ಹಿಡಿ ತಿರುಗಿಸಿದರೆ ಆ ಕಡೆ ಗಂಟೆ ಹೋಗುತ್ತಿಲ್ಲ ಎಂಬುದಷ್ಟೇ. ಲೈನ್‌ಮನ್ನಿಗೆ ಹೇಳಿ ಕಳಿಸಿದೆ. ಸಿರಾಗೂ ಕೊರಟಗೆರೆಗೂ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಹಿಂದಿನ ವಾರವಷ್ಟೇ ಸಿರಾ, “ನಿನ್ನ ಬೋರ್ಡಿಗೆ ಬೆಳಿಗ್ಗೆ ಹುಷಾರಿದ್ರೆ ಮಧ್ಯಾಹ್ನ ಜ್ವರ” ಎಂದು ಆಡಿಕೊಂಡಿದ್ದಳು. ಅರ್ಧ ಗಂಟೆಯಲ್ಲಿ ಸರಿಹೋಗುವ ತಂತಿಗೆ ಯಾಕೆ ಡಂಗುರ ಎಂದು ಬಾಯಿ ಮುಚ್ಚಿಕೊಂಡು ಕೂತೆ.

ಹನ್ನೊಂದರ ಹೊತ್ತಿಗೆ ಕಿಟಕಿಗೆ ಒಬ್ಬ ಕುರಿಯವನು ಬಂದ. ಐವತ್ತು ದಾಟಿದ ಆಳು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಮುಖ ಮಾತ್ರ ಸುಟ್ಟ ಬದನೆಕಾಯಿಯಂತಾಗಿತ್ತು.

“ಪಾವಗಡದ ಫೋನ್ ಆಫೀಸು ಸಂತೆ ಬಯಲ ಎದುರ್ಗೇ ಐತಂತಲ್ಲವ್ವ. ಅಲ್ಲಿಗೆ ಒಂದು ಮಾತು ಕಳಿಸ್ಬೇಕು. ಬಯಲಾಗೆ ನನ್ ಹೆಂಡ್ತಿ ಮಂದೆ ಇಟ್ಕಂಡು ಕುಂತವ್ಳೆ.”

ಏನು ಮಾತು ಎಂದು ಕೇಳಿದೆ. ಆತ ಕೋಲನ್ನು ಗೋಡೆಗೆ ಒರಗಿಸಿ ಹೇಳಿದ. ನಾಲ್ಕು ದಿನದ ಹಿಂದೆ ಐದು ಕುರಿ ಹೊಡೆದುಕೊಂಡು ತಿರುಮಣಿ ದಾರಿಯ ಕಡೆ ನೀರು ನೋಡಲು ಹೋಗಿದ್ದ. ಅಲ್ಲೊಂದು ಕುಂಟೆಯ ತುಂಬ ನೀರಿತ್ತು. ವಾಪಸ್ಸು ಬಂದು ಹೆಂಡತಿಗೆ ಹೇಳಿದ. ಸಂತೆ ಮುಗಿಸಿ ಮಂದೆಯನ್ನು ಆ ಕಡೆ ಹೊಡೆಯುವುದೆಂದು ಮಾತಾಯಿತು. ಆಮೇಲೆ ಅದೇ ಐದು ಕುರಿಗಳನ್ನು ಮಾರಲು ಮಧುಗಿರಿಗೆ ತಂದ. ಎರಡು ದಾರಿಯಲ್ಲಿ ಸತ್ತವು. ಮೂರನೆಯದು ಆ ಬೆಳಿಗ್ಗೆ ದನದ ಆಸ್ಪತ್ರೆಯ ಬಾಗಿಲಲ್ಲಿ ಸತ್ತಿತು.

“ಡಾಕ್ಟ್ರು ಕುಯ್ದು ನೋಡಿ, ಎಲ್ಲಿ ನೀರು ಕುಡುದ್ವು ಅಂದ್ರು. ಹೇಳ್ದೆ. ಆ ಕುಂಟೇಲಿ ಯಾರೋ ನಾರು ತೆಗ್ಯಾಕೆ ಕತ್ತಾಳೆ ಪಟ್ಟೆ ನೆನೆಹಾಕಿರ್ಬೇಕು, ಆ ನೀರು ಕುರಿಗೆ ವಿಷ ಅಂದ್ರು. ನೀರ್ ತಳದಾಗೆ ಕಲ್ಲು ಹೇರಿ ಮುಳುಗ್ಸಿರ್ತಾರೆ, ಮ್ಯಾಲೆ ಏನೂ ಕಾಣಾಕಿಲ್ಲ.”

ಸಂತೆ ಮುಗಿದು ಹೊತ್ತು ಇಳಿಯುತ್ತಲೇ ಮಂದೆ ಹೊರಡುತ್ತದೆ, ಸಂಜೆಗೆ ಕುಂಟೆಯ ದಡದಲ್ಲಿರುತ್ತದೆ. ಬಾಯಾರಿದ ಕುರಿ ನೀರು ಕಂಡರೆ ಯಾರಪ್ಪನ ಮಾತೂ ಕೇಳುವುದಿಲ್ಲ ಎಂದ. ಬೆಳಗಿನ ಬಸ್ಸು ಹೋಗಿತ್ತು, ಮಧ್ಯಾಹ್ನದ ಬಸ್ಸು ಮುಟ್ಟುವ ಹೊತ್ತಿಗೆ ಬಯಲು ಖಾಲಿ.

“ಅಲ್ಲಿ ನೀರೈತೆ ಅಂದೋನು ನಾನೇ ಕಣವ್ವ. ನನ್ ಮಾತ್ನ ನಾನೇ ವಾಪಸ್ ತಗಾಬೇಕು. ಇಲ್ಲಾಂದ್ರೆ ಇಡೀ ಮಂದೆ ನನ್ ಬಾಯಿಂದ ಹೋಯ್ತದೆ.”

ಆಗಲಾದರೂ ನಿಜ ಹೇಳಬಾರದೇ? “ಪಾವಗಡ ಸಿಗ್ತದೆ, ಆ ಗಾಜಿನ ಪೆಟ್ಟಿಗೆ ಒಳಗೆ ನಿಂತು ಫೋನು ಹಿಡ್ಕೋ” ಎಂದುಬಿಟ್ಟೆ. ಸಿರಾಳ ತೂತಿಗೆ ತಂತಿ ಚುಚ್ಚಿ, ಏನೂ ಆಗದವಳ ದನಿಯಲ್ಲಿ, “ಸಿರಾ, ನಿಂಗೆ ಪಾವಗಡ ಸಿಗ್ತದಾ?” ಎಂದೆ.

“ಸಿಗ್ತದಲ್ಲ. ಕೊಡು ಜಲ್ದಿ” ಎಂದಳು ಸಿರಾ.

ಅಬ್ಬಾ, ಇವಳಿಗೆ ಬೇರೆ ದಾರಿ ಇದೆ ಎಂದುಕೊಂಡು ಕುರಿಯವನ ತಂತಿಯನ್ನು ಅವಳಿಗೆ ಜೋಡಿಸಿದೆ. ಸಿರಾ ದಡ್ಡಿಯಲ್ಲ. ಮಧುಗಿರಿಯಿಂದ ಬಂದ ಕಾಲನ್ನು ಮಧುಗಿರಿಗೇ ತಿರುಗಿ ಕೊಡಬಾರದು ಎಂಬಷ್ಟು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಕೊರಟಗೆರೆಯೂ ಪಾವಗಡ ಸಿಗುತ್ತದೆ ಅಂದಿದ್ದಳಲ್ಲ, ಅವಳಿಗೆ ಕೊಟ್ಟಳು. ಕೊರಟಗೆರೆಯ ಮಟ್ಟಿಗೆ ಅದು ಸಿರಾದ ಕಾಲು; ಪಾವಗಡ ಎಂದರೆ ಅವಳಿಗೆ ನಾನು. ನನ್ನ ಬೋರ್ಡಿನ ಮೇಲೆ ಕೊರಟಗೆರೆಯ ತಗಡು ಟಪ್ಪೆಂದು ಬಿತ್ತು.

“ಮಧುಗಿರಿ, ಪಾವಗಡ ಕೊಡೇ. ಅರ್ಜೆಂಟಂತೆ” ಎಂದಳು, ಅಗಿಯುತ್ತಾ.

“ಸ್ವಲ್ಪ ತಡಿ ಮಾರಾಯ್ತಿ, ನನ್ನದೇ ಒಂದು ಅರ್ಜೆಂಟು ಹೋಗ್ತಾ ಇದೆ” ಎಂದು ಗದರಿದೆ.

ಪೆಟ್ಟಿಗೆಯೊಳಗಿಂದ ಕುರಿಯವನು “ಯಾರದು? ಪಾವಗಡನಾ?” ಎಂದು ಕೂಗಿದ. ಗಾಜಿನ ಆಚೆಯಿಂದ ಒಂದು ಸಲ ಕೇಳಿಸಿತು. ಮರುಕ್ಷಣ ಕೊರಟಗೆರೆಯ ತಂತಿಯಲ್ಲಿ ಅದೇ ದನಿ, ದೂರದಿಂದ, ಸಣ್ಣಗೆ: “ಯಾರದು? ಪಾವಗಡನಾ?”

“ತಡಿ ಅಂದ್ನಲ್ಲ!” ಎಂದು ಮತ್ತೆ ರೇಗಿದೆ. ಆತ ಪೆಟ್ಟಿಗೆಯ ಬಾಗಿಲು ತೆರೆದು ತಲೆ ಹೊರಗೆ ಹಾಕಿದ.

“ಅವ್ವ, ಪಾವಗಡದೋಳು ಥೇಟು ನಿನ್ನಂಗೇ ಬಯ್ತಾಳೆ.”

ಎಲ್ಲ ಅರ್ಥವಾಯಿತು. ನಾನು ಕಳಿಸಿದ ಕಾಲು ಮೂರು ಊರು ಸುತ್ತಿ ನನ್ನ ಮಡಿಲಿಗೇ ಬಂದು ಬಿದ್ದಿತ್ತು. ಮೂರು ಬೋರ್ಡಿನ ತಂತಿಗಳೂ ಅದೊಂದರಲ್ಲೇ ಸಿಕ್ಕಿಕೊಂಡಿದ್ದವು, ಪಾವಗಡ ಇನ್ನೂ ಪಾವಗಡದಲ್ಲೇ ಇತ್ತು. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಏನು ನಡೆಯಿತೆಂದು ಆತನಿಗೆ ಇದ್ದದ್ದು ಇದ್ದಹಾಗೆ ಹೇಳಿದೆ. ಬಯ್ಯುತ್ತಾನೆ ಅಂದುಕೊಂಡಿದ್ದೆ. ಆತ ಬಯ್ಯಲಿಲ್ಲ, ಆಶ್ಚರ್ಯಪಟ್ಟ.

“ನೀವು ಬಾಯಿ ಎಣಿಸಾಕಿಲ್ವಾ?”

ಹಾಗೆಂದರೇನು ಎಂದೆ. ಕುರಿಯವರಲ್ಲಿ ನೀರಿನ ಸುದ್ದಿ ಹೇಳುವಾಗ ಬರೀ ನೀರಿದೆ ಎಂದು ಹೇಳುವ ಪದ್ಧತಿಯೇ ಇಲ್ಲವಂತೆ. ಯಾರು ಕಂಡರು, ಅವರಿಂದ ಯಾರು ಕೇಳಿದರು, ಅವರಿಂದ ಯಾರು, ಕೊನೆಗೆ ನಾನು ಎಂದು ಬಂದ ಬಾಯಿಗಳನ್ನೆಲ್ಲ ಸಾಲಾಗಿ ಹೇಳಬೇಕು. ಒಂದು ಬಾಯಿ ಬಿಟ್ಟು ಹೇಳಿದವನ ಮಾತಿಗೆ ಮಂದೆ ಕದಲುವುದಿಲ್ಲ.

“ನಿನ್ನೆ ದಾರೀಲಿ ಒಬ್ಬ ಸಿಕ್ಕಿ, ತಿರುಮಣಿ ದಾರೀಲಿ ಭರ್ತಿ ನೀರೈತಂತೆ ಅಂದ. ಬಾಯಿ ಹೇಳಪ್ಪ ಅಂದೆ. ನಂಗೆ ಐ.ಡಿ.ಹಳ್ಳಿ ಅಳಿಯ ಹೇಳ್ದ, ಅವ್ನಿಗೆ ಚನ್ನರಾಯನದುರ್ಗದ ಕಂಬ್ಳಿಯೋನು, ಅವ್ನಿಗೆ ಮಂದೆ ಕಾಯೋ ಒಂದು ಹೆಂಗ್ಸು ಅಂದ. ಆ ಹೆಂಗ್ಸು ನನ್ ಹೆಂಡ್ತಿ ಕಣವ್ವ! ಅವ್ಳಿಗೆ ಹೇಳ್ದೋನು ನಾನು. ನನ್ ಮಾತೇ ನಂಗೆ ಎದುರಾಗಿ ಬಂತು. ಬಾಯಿ ಎಣಿಸ್ದೆ ಇದ್ದಿದ್ರೆ, ಓಹೋ, ಇನ್ನೊಬ್ರೂ ನೋಡ್ಕಂಡು ಬಂದವ್ರೆ ಅಂತ ನಂಬ್ಕಂಡು ಕುಂತಿರ್ತಿದ್ದೆ.”

ನಾನು ಹೆಡ್‌ಫೋನು ಸರಿಮಾಡಿಕೊಂಡೆ. ಮೂರೂ ತಂತಿ ಹೇಗೂ ಒಂದಾಗಿದ್ದವು, ಮೂವರೂ ಒಟ್ಟಿಗೆ ಕೇಳಿಸಿಕೊಳ್ಳಬಹುದಿತ್ತು.

“ಸಿರಾ, ಪಾವಗಡ ಸಿಗ್ತದೆ ಅಂದ್ಯಲ್ಲ, ಯಾರ ಬಾಯಿಂದ?”

“ಕೊರಟಗೆರೆ ಹೇಳಿದ್ಲಲ್ಲ.”

“ಕೊರಟಗೆರೆ, ನಿಂಗೆ ಯಾರ ಬಾಯಿಂದ?”

“ನಿಂದೇ ಕಣೇ. ಬೆಳಿಗ್ಗೆ ನೀನೇ ಹೇಳ್ದೆ.”

ಎಲ್ಲ ದಾರಿಗಳೂ ನನ್ನ ಬಾಯಿಂದಲೇ ಹೊರಟಿದ್ದವು, ಆ ಬಾಯಿಯನ್ನೇ ನಾನು ಮುಚ್ಚಿಕೊಂಡು ಕೂತಿದ್ದೆ. “ನನ್ನ ಪಾವಗಡ ಹತ್ತೂವರೆಗೇ ಸತ್ತಿದೆ” ಎಂದೆ. ಕೊರಟಗೆರೆ ಅಗಿಯುವುದನ್ನು ನಿಲ್ಲಿಸಿದಳು.

“ಅರೆ ಮಧುಗಿರಿ, ಸತ್ತಿದ್ದನ್ನ ಸತ್ತಿದೆ ಅನ್ನೋಕೆ ಏನು ಶರಮ್ ನಿಂಗೆ?” ಎಂದಳು ಸಿರಾ. ಅವಳ ಆ ದನಿ ಈಗಲೂ ನನ್ನ ಕಿವಿಯಲ್ಲಿದೆ. ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೆ ಗಡಿಯಾರ ಹನ್ನೊಂದೂಮುಕ್ಕಾಲು ತೋರಿಸುತ್ತಿತ್ತು. ಕಿಟಕಿಯಾಚೆ ಆ ಮನುಷ್ಯ ಕಂಬಳಿಯ ಅಂಚನ್ನು ಹಿಂಡುತ್ತಾ ನಿಂತಿದ್ದ.

“ನನ್ನ ಬಾಯಿ ಇಲ್ಲದ ಪಾವಗಡ ಯಾರಿಗಾದ್ರೂ ಇದೆಯಾ?” ಎಂದು ಕೇಳಿದೆ.

ಸಿರಾ ತನಗಿಲ್ಲ ಎಂದಳು. ಆಮೇಲೆ ಕೊರಟಗೆರೆ, “ನಂಗೆ ಗೌರಿಬಿದನೂರು ಸಿಗ್ತದೆ. ಗೌರಿಬಿದನೂರಿಗೆ ಹಿಂದೂಪುರ. ಹಿಂದೂಪುರಕ್ಕೂ ಪಾವಗಡಕ್ಕೂ ಬೇರೇನೇ ತಂತಿ ಐತೆ ಅಂತ ಪಾವಗಡಾನೇ ಒಂದ್ಸಲ ಹೇಳಿದ್ಲು. ಯಾರೂ ಉಪಯೋಗಿಸಲ್ಲ, ಬಲು ಸುತ್ತು” ಎಂದಳು. ಸುತ್ತಾದರೂ ಆ ದಾರಿಯಲ್ಲಿ ನಾನು ಎರಡು ಸಲ ಬರುತ್ತಿರಲಿಲ್ಲ. ಅಷ್ಟು ಸಾಕಿತ್ತು.

ಅಷ್ಟು ತಂತಿ ಜೋಡಿಸಿದರೆ ದನಿ ಸತ್ತೇ ಹೋಗುತ್ತದೆ. ಅದಕ್ಕೇ ಮಾತನ್ನು ಕೈಯಿಂದ ಕೈಗೆ ಕೊಡುವುದೆಂದು ತೀರ್ಮಾನಿಸಿದೆವು: ನಾನು ಕೊರಟಗೆರೆಗೆ, ಅವಳು ಗೌರಿಬಿದನೂರಿಗೆ, ಅಲ್ಲಿಂದ ಹಿಂದೂಪುರ, ಅಲ್ಲಿಂದ ಪಾವಗಡ. ಪ್ರತಿಯೊಬ್ಬರೂ ಹಿಂದಿನ ಬಾಯಿಗಳನ್ನೆಲ್ಲ ಹೇಳಿ, ಕೊನೆಗೆ ತಮ್ಮದನ್ನು ಸೇರಿಸಬೇಕು. ಸಾಲಿನಲ್ಲಿ ತಮ್ಮ ಊರು ಆಗಲೇ ಬಂದಿದ್ದರೆ ಅಲ್ಲೇ ನಿಲ್ಲಿಸಬೇಕು. ಕುರಿಯವನಿಗೆ ಈ ಏರ್ಪಾಡು ಒಪ್ಪಿಗೆಯಾಯಿತು. ಆದರೆ ಇನ್ನೊಂದು ತಕರಾರು ತೆಗೆದ.

“ಮೊದಲ್ನೇ ಬಾಯಿ ನಾನೇ ಅಂತ ಅವ್ಳಿಗೆ ಗೊತ್ತಾಗ್ಬೇಕಲ್ಲ. ಬರೀ ಗಂಡ ಅಂದ್ರೆ ನಂಬೋಳಲ್ಲ ಅವ್ಳು.” ಕಿಟಕಿಗೆ ಬಗ್ಗಿ ದನಿ ತಗ್ಗಿಸಿದ. “ಉಪ್ಪಿನ ಗಡಿಗೆ ಒಡ್ದೋನು ಅಂತ ಹಾಕ್ಕಳವ್ವ. ಮದ್ವೆ ಆದ ವರ್ಷ ಕುಡ್ದು ಬಂದು ಒಡ್ದಿದ್ದೆ. ಮೂವತ್ತು ವರ್ಷದಿಂದ ಅದ್ನೇ ಹೇಳ್ತಾವ್ಳೆ.”

ಹೀಗೆ ಆ ಸುದ್ದಿ ಹೊರಟಿತು: ಉಪ್ಪಿನ ಗಡಿಗೆ ಒಡೆದವನು, ಮಧುಗಿರಿ, ಕೊರಟಗೆರೆ, ತಿರುಮಣಿ ದಾರಿಯ ಕುಂಟೆಯ ನೀರು ವಿಷ, ಮಂದೆ ನಿಲ್ಲಿಸು. ಹಿಂದೂಪುರದ ಆಪರೇಟರು ಗಂಡಸು, ತೆಲುಗಿನವನು. “ಉಪ್ಪು ಕುಂಡ ಪಗಲಗೊಟ್ಟಿನೋಡಾ?” ಎಂದು ನಂಬಲಾರದೆ ಎರಡು ಸಲ ಕೇಳಿದನಂತೆ. ಪಾವಗಡ ಸುದ್ದಿ ಕೇಳಿದ್ದೇ ಬೋರ್ಡು ಬಿಟ್ಟು ಎದ್ದುಹೋದಳು. ಬೋರ್ಡು ಬಿಟ್ಟು ಏಳುವುದು ನಮ್ಮಲ್ಲಿ ದೊಡ್ಡ ತಪ್ಪು. ಸಂತೆ ಬಯಲಿನ ನಡುವೆ ನಿಂತು, “ಉಪ್ಪಿನ ಗಡಿಗೆ ಒಡೆದೋನ ಹೆಂಡ್ತಿ ಯಾರಮ್ಮಾ?” ಎಂದು ಎರಡೂ ಭಾಷೆಯಲ್ಲಿ ಕೂಗಿದಳಂತೆ. ಮೂರು ಜನ ಹೆಂಗಸರು ಎದ್ದು ನಿಂತರಂತೆ. ಗಂಡ ಮಧುಗಿರಿಗೆ ಹೋದವಳು ಯಾರೆಂದು ಕೇಳಿ, ಸರಿಯಾದವಳನ್ನು ಆರಿಸಿಕೊಂಡು ಬಂದು ಬೋರ್ಡಿನ ಪಕ್ಕ ಕೂರಿಸಿಕೊಂಡಳು.

ಇಲ್ಲಿ ಕಾದವರ ಪಾಡು ಬೇರೆ. ಒಂದು ಗಂಟೆ ಆಯಿತು, ಒಂದೂವರೆ ಆಯಿತು. ಕುರಿಯವನು ಬೆಂಚಿನ ಮೇಲೆ ಕೂರಲೊಲ್ಲ. ಕೊರಟಗೆರೆಯ ತಗಡನ್ನು ತೋರಿಸಿ, ಸುದ್ದಿ ಬಂದರೆ ಇದೇ ಬೀಳುತ್ತದೆ ಎಂದು ಹೇಳಿದ್ದೆ. ಬೇರೆ ಯಾವುದೋ ತಗಡು ಬಿದ್ದಾಗಲೆಲ್ಲ ಆತ ಕಿಟಕಿಯ ಕಂಬಿ ಹಿಡಿದುಕೊಳ್ಳುತ್ತಿದ್ದ. ಎರಡಕ್ಕೆ ಐದು ನಿಮಿಷ ಇರುವಾಗ ಅದೇ ಬಿತ್ತು.

“ಬಾಯಿ ಬರ್ಕೋ,” ಎಂದಳು ಕೊರಟಗೆರೆ. “ಉಪ್ಪಿನ ಗಡಿಗೆಯವನ ಹೆಂಡ್ತಿ, ಪಾವಗಡ, ಹಿಂದೂಪುರ, ಗೌರಿಬಿದನೂರು, ನಾನು. ಮಂದೆ ನಿಂತೈತೆ.”

ನಾನು ಅದನ್ನು ಜೋರಾಗಿ ಹೇಳಿದೆ. ಆತ ಆಗ ಬೆಂಚಿನ ಮೇಲೆ ಕೂತ.

ತರಬೇತಿಯ ಮೇಷ್ಟ್ರಿಗೆ ನಾನು ಹೇಳಿದ್ದು ಇಲ್ಲಿಯವರೆಗೆ. ಅವರು ಎದ್ದು, ಹಲಗೆಯ ಸೊನ್ನೆಗಳ ನಡುವಿನ ಪ್ರತಿ ಗೆರೆಯ ಮೇಲೂ ಊರುಗಳ ಸಾಲು ಬರೆದರು. “ಹೊರದೇಶದಲ್ಲಿ ಈಗ ಇದನ್ನೇ ಶುರುಮಾಡಿದ್ದಾರೆ ಮೇಡಂ. ದಾರಿಯ ಜತೆಗೆ ಆ ದಾರಿ ಹಾಯ್ದು ಬಂದ ಜಾಗಗಳ ಪಟ್ಟಿಯನ್ನೂ ಕಳಿಸೋದು. ಪಟ್ಟಿಯಲ್ಲಿ ತನ್ನ ಹೆಸರು ಕಂಡರೆ ಯಂತ್ರ ಆ ದಾರಿಯನ್ನು ಬಿಟ್ಟುಬಿಡುತ್ತೆ. ತಂತಿ ಸತ್ತರೆ ಸುಮ್ಮನಿರೋ ಹಾಗಿಲ್ಲ, ಸತ್ತಿದೆ ಅಂತ ತಾನೇ ಕೂಗಿ ಹೇಳಬೇಕು” ಎಂದರು. ನಾನು ಕೂತೆ. ಆಮೇಲೆ ಕೊರಟಗೆರೆ ತಂದ ಮಾತುಗಳು ಅವರ ಸಿಲಬಸ್ಸಿನಲ್ಲಿ ಬರುವಂಥವಲ್ಲ, ಅದಕ್ಕೇ ಹೇಳಲಿಲ್ಲ.

ಮಂದೆ ನಿಂತಿದೆ ಎಂದು ಹೇಳಿ ಕೊರಟಗೆರೆ ತಂತಿ ಬಿಡಲಿಲ್ಲ. “ಇನ್ನೊಂದು ಮಾತೈತೆ. ‘ನೀನೂ ಆ ನೀರು ಕುಡುದ್ಯಾ?’ ಅಂತ ಕೇಳ್ತಾವ್ಳಂತೆ.”

ನನಗದು ಹೊಳೆದೇ ಇರಲಿಲ್ಲ. ನಾಲ್ಕು ದಿನದ ಹಿಂದೆ ಕುಂಟೆಯ ದಡದಲ್ಲಿ ಬಾಯಾರಿದ್ದದ್ದು ಕುರಿಗಳಿಗಷ್ಟೇ ಅಲ್ಲ. ಕಿಟಕಿಯ ಕಡೆ ತಿರುಗಿ ಕೇಳಿದೆ. ಆತ ತಲೆ ತಗ್ಗಿಸಿದ.

“ಕುಡ್ದೆ. ಎರಡು ಬೊಗಸೆ. ಅವತ್ತಿಂದ ಹೊಟ್ಟೆ ಒಂಚೂರು ಕಿವುಚ್ತದೆ, ಬುಡು. ಇಲ್ಲ ಅಂತ ಹೇಳವ್ವ. ಸುಮ್ಕೆ ಮಂದೆ ಬುಟ್ಟು ಓಡ್ಬತ್ತಾಳೆ.”

ಇಲ್ಲ ಎಂದು ಹೇಳುವುದು ಎಷ್ಟರ ಮಾತು? ಬೆಳಿಗ್ಗೆಯಿಂದ ನಾನು ಮಾಡಿದ್ದೂ ಅದನ್ನೇ. ಆದರೆ ಈ ಸಲ ನನ್ನಿಂದ ಆಗಲಿಲ್ಲ. ಐದು ಜನ ತಮ್ಮ ತಮ್ಮ ಬಾಯಿಯನ್ನು ಸಾಲಾಗಿ ಇಟ್ಟು ತಂದ ಪ್ರಶ್ನೆಗೆ, ಆರನೆಯವಳಾಗಿ ನಿಂತು ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. ಆ ಹೆಂಗಸಿನ ಮೇಲೆ ನನಗೆ ಆಗಲೇ ಪ್ರೀತಿ ಬಂದುಬಿಟ್ಟಿತ್ತು. ಸತ್ತ ಕುರಿಗಳೆಷ್ಟು ಎಂದು ಅವಳು ಕೇಳಿರಲಿಲ್ಲ.

“ಹೇಳೇ ಕೊರಟಗೆರೆ,” ಎಂದೆ. “ಕುಡಿದಿದಾನೆ. ಹೊಟ್ಟೆ ಸ್ವಲ್ಪ ನೋವಂತೆ. ನನ್ನ ಎದುರಿಗೇ ನಿಂತಿದಾನೆ, ಮಾತಾಡ್ತಿದಾನೆ. ಪಾಳಿ ಮುಗಿದ ತಕ್ಷಣ ದೊಡ್ಡಾಸ್ಪತ್ರೆಗೆ ನಾನೇ ಕರಕೊಂಡು ಹೋಗ್ತೀನಿ, ನೀನು ಮಂದೆ ಬಿಟ್ಟು ಬರಬೇಡ. ಇದಕ್ಕೆ ಮೊದಲನೇ ಬಾಯಿ ಮಧುಗಿರಿ.”

ಆತ ನನ್ನ ಮೇಲೆ ಮುನಿಸಿಕೊಂಡು ಗೋಡೆಯ ಕಡೆ ತಿರುಗಿ ಕೂತ. ಮೂರು ಗಂಟೆಗೆ ಕರೆದುಕೊಂಡು ಹೋದಾಗ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಕಣ್ಣು ನೋಡಿ, ಇಷ್ಟು ದಿನ ಕಳೆದ ಮೇಲೆ ಭಯವಿಲ್ಲ, ಎರಡು ದಿನ ಮಜ್ಜಿಗೆ ಅನ್ನ ತಿನ್ನು ಎಂದರು. ದಾರಿಯುದ್ದಕ್ಕೂ ಆತ ನನ್ನ ಜತೆ ಮಾತಾಡಲಿಲ್ಲ. ಬೀಳ್ಕೊಡುವಾಗ ಮಾತ್ರ, “ನಿನ್ ಗಂಡನ್ನ ದೇವ್ರೇ ಕಾಪಾಡ್ಬೇಕು” ಎಂದು ನಕ್ಕ.

ಆದರೆ ನಾವು ಆಸ್ಪತ್ರೆಗೆ ಹೊರಡುವ ಮೊದಲೇ, ಪಾಳಿ ಮುಗಿಯಲು ಹತ್ತು ನಿಮಿಷ ಇರುವಾಗ, ಕೊರಟಗೆರೆಯ ತಗಡು ಇನ್ನೊಮ್ಮೆ ಬಿತ್ತು. ಆ ಹೆಂಗಸು ನಮ್ಮ ಮಾತು ಕೇಳಿ ಮೊದಲು ಕೇಳಿದ್ದು ಬಾಯಿಗಳ ಸಾಲನ್ನಂತೆ. ಪಾವಗಡ ಸಾಲು ಹೇಳಿದಳು. ಉಪ್ಪಿನ ಗಡಿಗೆಯವನು ಅದರಲ್ಲಿಲ್ಲವೆಂದು ಗೊತ್ತಾಗಿ, ಮೊದಲನೇ ಬಾಯಿ ಮಧುಗಿರಿಯದೇನಾ ಎಂದು ಅವಳು ಕೇಳಿದಳಂತೆ.

“ಆಮೇಲೆ ಏನಂದಳು?” ಎಂದೆ.

“‘ಅವ್ನ ಬಾಯಾಗಿದ್ರೆ ನಂಬ್ತಿರ್ಲಿಲ್ಲ. ಮಧುಗಿರಿ ಬಾಯಾದ್ರೆ ನಂಬ್ತೀನಿ’ ಅಂದ್ಲಂತೆ” ಎಂದಳು ಕೊರಟಗೆರೆ.

ಸರಿಯಾಗಿ ಕೇಳಿಸಲಿಲ್ಲ ಎಂದು ಹೇಳಿ, ಅದನ್ನು ಇನ್ನೊಂದು ಸಲ ಹೇಳಿಸಿಕೊಂಡೆ.